ಅಂಚಿನಿಂದ ಕೆರೆದು ತಂದದ್ದು

ಪಿಜಿ: ಮೇಡಂ, ಒಂದು ಮಾತು ಕೇಳಬೇಕಿತ್ತು. ಸ್ಕಿನ್ ಓಪಿಡಿಯಲ್ಲಿ ಬೆಳಿಗ್ಗೆಯಿಂದ ಹುಳುಕಡ್ಡಿಯದ್ದೇ ಸಾಲು. ಸೊಂಟ, ತೊಡೆಸಂದು, ಕಂಕುಳು, ಬೆನ್ನು. ದೂರದಿಂದ ನೋಡಿದರೇ ಗೊತ್ತಾಗುತ್ತೆ. ಅಂಥದ್ದನ್ನ ಕೆರೆದು, ಸ್ಲೈಡ್ ಮಾಡಿ, ನಾಲ್ಕು ವಾರ ಕಲ್ಚರ್ ಇಟ್ಟು ಹೆಸರು ಹುಡುಕೋದು ಯಾರ ಉಪಯೋಗಕ್ಕೆ? ಹೆಸರು ಬರೋ ಹೊತ್ತಿಗೆ ಪೇಷಂಟ್ ಮಾತ್ರೆ ಮುಗಿಸಿರ್ತಾರೆ.

ಮೇಡಂ: ಮುಗಿಸಿ ವಾಸಿಯಾಗಿರ್ತಾರಾ?

ಪಿಜಿ: ಅದೇ ಆಗ್ತಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರಲ್ಲ, ಲಾರಿ ಡ್ರೈವರ್, ಅವರು ಆರು ವಾರ ಟರ್ಬಿನಫಿನ್ ನುಂಗಿದ್ದಾರೆ. ಒಂದು ದಿನವೂ ತಪ್ಪಿಸಿಲ್ಲ ಅಂತಾರೆ. ಹುಳುಕಡ್ಡಿಯ ಬಳೆ ಮಾತ್ರ ಅಗಲ ಆಗ್ತಾನೇ ಇದೆ. ಈಗ ಮನೆಯವರಿಗೂ ಹತ್ತಿದೆಯಂತೆ.

ಮೇಡಂ: ಹಾಗಾದರೆ ನಿನ್ನ ಪ್ರಶ್ನೆಗೆ ಉತ್ತರ ಬೆಂಚಿನ ಮೇಲೇ ಕೂತಿದೆ. ಮಾತ್ರೆಗೆ ಮುಂಚೆ ಏನು ಹಚ್ಚಿಕೊಳ್ತಿದ್ದರು?

ಪಿಜಿ: ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು. ಹೆಸರು ನೆನಪಿಲ್ಲ, ಹಚ್ಚಿದ ಎರಡೇ ದಿನಕ್ಕೆ ಕಡಿತ ನಿಲ್ಲುತ್ತಿತ್ತಂತೆ, ಬಿಟ್ಟರೆ ಮತ್ತೆ ಶುರು.

ಮೇಡಂ: ಎರಡು ದಿನಕ್ಕೆ ಕಡಿತ ನಿಲ್ಲಿಸೋದು ಫಂಗಸ್ ಔಷಧಿ ಅಲ್ಲ ಕಣಪ್ಪ, ಅದರ ಜೊತೆಗೆ ಬೆರೆಸಿರೋ ಸ್ಟಿರಾಯ್ಡ್. ಕ್ಲೋಬೆಟಾಸಾಲ್ ಇರಬೇಕು. ಒಂದೇ ಟ್ಯೂಬಿನಲ್ಲಿ ಸ್ಟಿರಾಯ್ಡು, ಆಂಟಿಬಯಾಟಿಕ್ಕು, ಫಂಗಸ್ ಔಷಧಿ ಮೂರನ್ನೂ ತುಂಬಿ ಮಾರ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಆದರೂ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಸಿಗ್ತಿದೆ. ಸ್ಟಿರಾಯ್ಡ್ ಏನು ಮಾಡುತ್ತೆ ಅಂದರೆ, ಚರ್ಮದ ಜಗಳವನ್ನ ನಿಲ್ಲಿಸುತ್ತೆ. ಕೆಂಪು ಹೋಗುತ್ತೆ, ಕಡಿತ ಹೋಗುತ್ತೆ. ಜಗಳ ಆಡುವವರೇ ಇಲ್ಲದ ಮೇಲೆ ಫಂಗಸ್ ನೆಮ್ಮದಿಯಾಗಿ ಹಬ್ಬುತ್ತೆ. ಬಳೆಯ ಅಂಚು ಅಳಿಸಿಹೋಗುತ್ತೆ, ಮೇಲಿನ ಹೊಟ್ಟು ಕಮ್ಮಿಯಾಗುತ್ತೆ, ನೋಡಿದವರಿಗೆ ಇಸುಬೋ ಸೋರಿಯಾಸಿಸ್ಸೋ ಅನ್ನಿಸುತ್ತೆ. ಇದಕ್ಕೆ ಟೀನಿಯಾ ಇನ್‌ಕಾಗ್ನಿಟೊ ಅಂತ ಇಂಗ್ಲೆಂಡಿನ ಐವ್ ಮತ್ತು ಮಾರ್ಕ್ಸ್ 1968ರಲ್ಲೇ ಹೆಸರಿಟ್ಟರು. ದೂರದಿಂದ ನೋಡಿದರೇ ಗೊತ್ತಾಗುತ್ತೆ ಅಂದೆಯಲ್ಲ, ಆ ಕಾಲ ಈ ಟ್ಯೂಬುಗಳ ಜೊತೆಗೇ ಮುಗೀತು.

ಪಿಜಿ: ಅದು ಸರಿ. ಆದರೂ ಹತ್ತರಲ್ಲಿ ಎಂಟು ಕೇಸು ನೋಡಿದ ಕೂಡಲೇ...

ಮೇಡಂ: ಎಂಟು ಬಿಡು, ಉಳಿದ ಎರಡು ಯಾವುದು? ಬಳೆಯಾಕಾರದ್ದೆಲ್ಲ ಹುಳುಕಡ್ಡಿ ಅಲ್ಲ. ನಾಣ್ಯದಗಲದ ಇಸುಬು ಇದೆ, ಗ್ರಾನ್ಯುಲೋಮಾ ಆನ್ಯುಲೇರ್ ಇದೆ. ನಮ್ಮ ದೇಶದಲ್ಲಿ ಕುಷ್ಠದ ಮಚ್ಚೆಯೂ ಒಮ್ಮೊಮ್ಮೆ ಹೀಗೇ ಅಂಚು ಎದ್ದು ಬರುತ್ತೆ. ಅದನ್ನ ಹುಳುಕಡ್ಡಿ ಅಂತ ಆರು ತಿಂಗಳು ಮುಲಾಮು ಹಚ್ಚಿಸಿದರೆ ಆ ಆರು ತಿಂಗಳಲ್ಲಿ ನರ ಹಾಳಾಗುತ್ತೆ. ತೊಡೆಸಂದಿನದ್ದು ಎರಿತ್ರಾಸ್ಮಾ ಆಗಿದ್ದರೆ ಅದು ಫಂಗಸ್ಸೇ ಅಲ್ಲ, ಬ್ಯಾಕ್ಟೀರಿಯಾ. ವುಡ್ಸ್ ಲ್ಯಾಂಪಿನಲ್ಲಿ ಹವಳದ ಕೆಂಪು ಹೊಳೆಯುತ್ತೆ, ಎರಡು ನಿಮಿಷದ ಕೆಲಸ. ಸರಿ, ಅವರನ್ನ ಒಳಗೆ ಕರಿ. ನಾನೇ ಕೆರೀತೀನಿ, ಪಕ್ಕದಲ್ಲಿ ನಿಂತು ನೋಡು.

ಪಿಜಿ: ಬನ್ನಿ ಅಣ್ಣ, ಇಲ್ಲಿ ಕೂತ್ಕೊಳ್ಳಿ. ಅಂಗಿ ಸ್ವಲ್ಪ ಮೇಲೆತ್ತಿ. ನೋವಾಗಲ್ಲ, ಉಗುರಲ್ಲಿ ಕೆರೆದಷ್ಟೇ.

ಮೇಡಂ: ಮೊದಲು 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒರೆಸಬೇಕು. ಮುಲಾಮಿನ ಜಿಡ್ಡು, ಪೌಡರು, ಮೇಲಿರೋ ಬ್ಯಾಕ್ಟೀರಿಯಾ ಹೋಗಲಿ. ಜಿಡ್ಡು ಉಳಿದರೆ ಸ್ಲೈಡಿನಲ್ಲಿ ಎಣ್ಣೆಹನಿಗಳು ಸ್ಪೋರಿನ ಹಾಗೇ ಕಾಣ್ತವೆ. ಹತ್ತಿ ಬೇಡ, ಗಾಜ್ ಬಟ್ಟೆ ಕೊಡು. ಹತ್ತಿಯ ಎಳೆ ಚರ್ಮಕ್ಕೆ ಅಂಟಿದರೆ ಆಮೇಲೆ ಅದನ್ನೇ ಫಂಗಸ್ ಅಂದುಕೊಳ್ಳೋ ಅಪಾಯ ಇದೆ. ಆರಲಿ. ಈಗ ಹೇಳು, ಎಲ್ಲಿಂದ ಕೆರೆಯೋದು?

ಪಿಜಿ: ನಡುವೆ ಹೊಟ್ಟು ಇದೆಯಲ್ಲ, ಅಲ್ಲಿ ಸಲೀಸಾಗಿ ಬರುತ್ತೆ.

ಮೇಡಂ: ಬರುತ್ತೆ, ಆದರೆ ಅಲ್ಲಿ ಫಂಗಸ್ ಇರಲ್ಲ. ಇದು ಒಣಹುಲ್ಲಿಗೆ ಹತ್ತಿದ ಬೆಂಕಿಯ ಹಾಗೆ, ಒಂದು ಕಡೆ ಹತ್ತಿಕೊಂಡು ಸುತ್ತಲೂ ಹೊರಕ್ಕೆ ಉರಿದುಕೊಂಡು ಹೋಗುತ್ತೆ. ನಡುವೆ ಉಳಿಯೋದು ಬೂದಿ. ಚರ್ಮದ ಮೇಲುಪದರದ ಕೆರಟಿನ್ ತಿಂದು ಮುಂದೆ ಹೋದ ಫಂಗಸ್ ಬಳೆಯ ಅಂಚಿನಲ್ಲಿರುತ್ತೆ, ಇಗೋ, ಈ ಕೆಂಪಗೆ ಎದ್ದಿರೋ ಗೆರೆಯಲ್ಲಿ. ಬ್ಲೇಡು 15ನೇ ನಂಬರು, ಹರಿತ ಇಲ್ಲದಿದ್ದರೂ ನಡೆಯುತ್ತೆ. ಕೊಯ್ಯೋ ಹಾಗಲ್ಲ, ಚರ್ಮಕ್ಕೆ ನೆಟ್ಟಗೆ ಹಿಡಿದು ಅಂಚಿನುದ್ದಕ್ಕೂ ಎಳೀಬೇಕು. ರಕ್ತ ಬರಬಾರದು. ನೋಡು, ಸಣ್ಣ ಬಿಳಿ ಪುಡಿ ಉದುರ್ತಿದೆ. ಕಪ್ಪು ಕಾಗದ ಕೆಳಗೆ ಹಿಡಿ.

ಪಿಜಿ: ಕಪ್ಪು ಯಾಕೆ ಅಂತ ಈಗ ಗೊತ್ತಾಯ್ತು. ಬಿಳಿ ಕಾಗದದ ಮೇಲೆ ಇದು ಕಾಣೋದೇ ಇಲ್ಲ.

ಮೇಡಂ: ಅದೊಂದು. ಇನ್ನೊಂದು, ಕಾಗದದಲ್ಲಿ ಗಾಳಿಯಾಡುತ್ತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆವರಿನ ತೇವಕ್ಕೆ ಬ್ಯಾಕ್ಟೀರಿಯಾ, ಬೂಷ್ಟು ಎಲ್ಲ ಬೆಳೆದು ನಮ್ಮದನ್ನ ಮುಳುಗಿಸಿಬಿಡ್ತವೆ. ಒಣಗಿದ ಹೊಟ್ಟಿನಲ್ಲಿ ಈ ಫಂಗಸ್ ತಿಂಗಳುಗಟ್ಟಲೆ ಬದುಕಿರುತ್ತೆ. ತಾಲ್ಲೂಕು ಆಸ್ಪತ್ರೆಯವರು ಮಡಚಿದ ಕಾಗದವನ್ನ ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸಿದರೂ ನಾವು ಬೆಳೆಸಬಹುದು. ಐಸ್ ಬೇಡ, ಓಡೋಡಿ ತರೋದೂ ಬೇಡ. ಇಷ್ಟು ಸುಲಭದ ಸ್ಯಾಂಪಲ್ ನಮ್ಮ ಇಡೀ ವಿಭಾಗದಲ್ಲಿ ಇನ್ನೊಂದಿಲ್ಲ. ಎರಡು ಪಾಲು ಮಾಡು, ಒಂದು ಸ್ಲೈಡಿಗೆ, ಒಂದು ಕಲ್ಚರಿಗೆ. ಸ್ಲೈಡಿನ ಮೇಲೆ 10 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅದೇ ಕೆಒಎಚ್, ಒಂದು ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚು.

ಪಿಜಿ: ಬಿಸಿ ಮಾಡಲಾ?

ಮೇಡಂ: ಸ್ವಲ್ಪ. ಸ್ಪಿರಿಟ್ ದೀಪದ ಮೇಲೆ ಎರಡು ಸಲ ಹಾಯಿಸು ಸಾಕು. ಕುದಿಸಿದರೆ ಕೆಒಎಚ್ ಹರಳು ಕಟ್ಟಿ ಇಡೀ ಸ್ಲೈಡ್ ಕೆಡುತ್ತೆ. ಇದು ತೆಳ್ಳನೆ ಚರ್ಮ, ಹತ್ತು ನಿಮಿಷದಲ್ಲಿ ಕೆರಟಿನ್ ಕರಗುತ್ತೆ. ಫಂಗಸ್ಸಿನ ಗೋಡೆಯಲ್ಲಿ ಕೈಟಿನ್ ಇರೋದರಿಂದ ಅದು ಕ್ಷಾರಕ್ಕೆ ಜಗ್ಗಲ್ಲ, ಹಾಗೇ ಉಳಿಯುತ್ತೆ. ಉಗುರಾದರೆ ಕೆಒಎಚ್ ಇನ್ನೂ ಗಟ್ಟಿ ಬೇಕು, 20ರಿಂದ 40 ಪರ್ಸೆಂಟ್, ರಾತ್ರಿಯಿಡೀ ನೆನೆಸಿದರೂ ತಪ್ಪಿಲ್ಲ. ಈಗ ಮೈಕ್ರೋಸ್ಕೋಪಿಗೆ ಹಾಕು. ಮೊದಲು 10ರ ಲೆನ್ಸು. ಕಂಡೆನ್ಸರ್ ಇಳಿಸು, ಬೆಳಕು ಕಮ್ಮಿ ಮಾಡು. ಈ ಎಳೆಗಳಿಗೆ ಬಣ್ಣ ಇಲ್ಲ, ಬೆಳಕು ಜಾಸ್ತಿಯಾದರೆ ಕಣ್ಣೆದುರೇ ಇದ್ದರೂ ಕಾಣಲ್ಲ.

ಪಿಜಿ: ಸಿಕ್ಕಿತು ಮೇಡಂ. ಬಲೆ ಬಲೆಯಾಗಿ ಗೆರೆಗಳು, ಎಲ್ಲ ಕಡೆ ಇವೆ.

ಮೇಡಂ: ಬಲೆ ಬಲೆಯಾಗಿ ಅಂದೆ. ಆ ಗೆರೆಗಳು ಜೀವಕೋಶದ ಸುತ್ತ ಸುತ್ತಿ ಹೋಗ್ತಿವೆಯೋ, ಜೀವಕೋಶವನ್ನ ಹಾಯ್ದು ಹೋಗ್ತಿವೆಯೋ?

ಪಿಜಿ: ...ಸುತ್ತಿ. ಪ್ರತಿ ಕೋಶದ ಅಂಚಿಗೂ ಒಂದು ಗೆರೆ.

ಮೇಡಂ: ಅದಕ್ಕೆ ಮೊಸಾಯಿಕ್ ಫಂಗಸ್ ಅಂತಾರೆ, ಫಂಗಸ್ ಅಲ್ಲ. ಚರ್ಮದ ಕೋಶಗಳ ನಡುವೆ ಉಳಿದ ಕೊಬ್ಬಿನಂಶ. ದಪ್ಪ ಒಂದೇ ಸಮ ಇರಲ್ಲ, ಮಧ್ಯೆ ಮಧ್ಯೆ ತುಂಡಾಗಿರುತ್ತೆ, ಹೊಸಬರಿಗೆ ಮೊದಲು ಸಿಗೋದೇ ಇದು. ಸ್ಲೈಡ್ ನಿಧಾನವಾಗಿ ಸರಿಸು. ಕೋಶದ ಗಡಿಗಳನ್ನ ಲೆಕ್ಕಿಸದೆ ಅಡ್ಡ ಹಾಯ್ದು ಹೋಗೋ ಎಳೆ ಹುಡುಕು. ಉದ್ದಕ್ಕೂ ಒಂದೇ ದಪ್ಪ ಇರಬೇಕು, ನಡುನಡುವೆ ಅಡ್ಡಗೋಡೆ ಇರಬೇಕು, ಕವಲೊಡೆದಿರಬೇಕು. 40ಕ್ಕೆ ಬದಲಿಸು, ಫೈನ್ ಫೋಕಸ್ ತಿರುಗಿಸ್ತಾ ಇರು. ನಿಜವಾದ ಎಳೆ ಆದರೆ ಫೋಕಸ್ ಬದಲಾದ ಹಾಗೆ ಒಂದು ಪದರದಿಂದ ಇನ್ನೊಂದು ಪದರಕ್ಕೆ ಇಳಿದು ಹೋಗೋದು ಕಾಣುತ್ತೆ.

ಪಿಜಿ: ಇದೆ, ಇಲ್ಲೊಂದು. ತಿಳಿಹಸಿರು ಛಾಯೆ ಇದೆ. ಮೂರ್ನಾಲ್ಕು ಕೋಶ ದಾಟಿ ಹೋಗಿದೆ, ಇಲ್ಲಿ ವೈ ಆಕಾರದಲ್ಲಿ ಕವಲು. ಈ ಕಡೆ ತುದಿಯಲ್ಲಿ ಎಳೆ ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದುಕೊಂಡಿದೆ.

ಮೇಡಂ: ಆ ಚೌಕಗಳು ಆರ್ಥ್ರೋಕೊನಿಡಿಯಾ. ಎಳೆ ತುಂಡು ತುಂಡಾಗಿ ಸ್ಪೋರ್ ಆಗೋದು. ಟವೆಲ್ಲಿಗೆ, ಬೆಡ್‌ಶೀಟಿಗೆ, ಒಳಉಡುಪಿಗೆ ಉದುರೋದು ಇವೇ. ಅವರ ಮನೆಯವರಿಗೆ ಹತ್ತಿದ್ದು ಹೇಗೆ ಅಂತ ಬೇರೆ ಹೇಳಬೇಕಿಲ್ಲ.

ಪಿಜಿ: ಇಷ್ಟಾದ ಮೇಲೆ ಪಾಸಿಟಿವ್ ಅಂತ ಬರೆದು ಮುಗಿಸಬಹುದಲ್ಲ?

ಮೇಡಂ: ಕಾಯಿಲೆ ಶಿಲೀಂಧ್ರದ್ದು ಅಂತ ಬರೀಬಹುದು, ಇವತ್ತೇ ಬರೀಬೇಕು. ಓಪಿಡಿಗೆ ಬರೋ ಪ್ರತಿಯೊಬ್ಬರಿಗೂ ಇಷ್ಟಾದರೂ ಆಗಲಿ ಅನ್ನೋದು ನನ್ನ ವಾದ. ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗು, ಮಲೇರಿಯಾಕ್ಕೋ ಕಫ ಪರೀಕ್ಷೆಗೋ ಅಂತ ಒಂದು ಮೈಕ್ರೋಸ್ಕೋಪ್ ಇರುತ್ತೆ. ಕೆಒಎಚ್ ಬಾಟಲಿಗೆ ಎಷ್ಟು ಖರ್ಚು? ಆದರೆ ಈ ಎಳೆ ಯಾರದು ಅಂತ ಕೆಒಎಚ್ ಹೇಳಲ್ಲ. ಟ್ರೈಕೊಫೈಟನ್ ಆದರೂ ಎಪಿಡರ್ಮೊಫೈಟನ್ ಆದರೂ ಚರ್ಮದೊಳಗೆ ಎಲ್ಲದರ ರೂಪ ಒಂದೇ. ಎಳೆ, ಅಡ್ಡಗೋಡೆ, ಚೌಕ, ಅಷ್ಟೇ. ಗುರುತು ಕೊಡೋ ಸ್ಪೋರುಗಳನ್ನ ಅದು ಮನುಷ್ಯನ ಮೈಮೇಲೆ ಬಿಡೋದೇ ಇಲ್ಲ, ಹೊರಗೆ ಬೆಳೆದಾಗ ಮಾತ್ರ ಬಿಡುತ್ತೆ. ಅದಕ್ಕೇ ಕಲ್ಚರ್.

ಪಿಜಿ: ಸಬೂರೋ ಅಗರ್.

ಮೇಡಂ: ಹೌದು. ಆ ಮನುಷ್ಯನ ಬಗ್ಗೆ ಎರಡು ಮಾತು ಹೇಳ್ತೀನಿ. ರೇಮಂಡ್ ಸಬೂರೋ, 1864ರಲ್ಲಿ ಹುಟ್ಟಿದವನು, ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿದ್ದ. ಅವನಿಗಿಂತ ಅರ್ಧ ಶತಮಾನ ಮುಂಚೆ, 1840ರ ದಶಕದಲ್ಲಿ, ಅದೇ ಊರಿನಲ್ಲಿ ಡೇವಿಡ್ ಗ್ರೂಬಿ ಅನ್ನೋ ವೈದ್ಯ ಮಕ್ಕಳ ತಲೆಹುಳುಕಿನಲ್ಲಿ ಫಂಗಸ್ ಇದೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳಿದ್ದ. ಒಂದು ಕ್ರಿಮಿ ಒಂದು ಕಾಯಿಲೆಗೆ ಕಾರಣ ಅಂತ ಪಾಶ್ಚರ್, ಕಾಖ್ ಸಿದ್ಧ ಮಾಡೋದಕ್ಕೂ ಮುಂಚಿನ ಮಾತು ಅದು. ಜನ ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. ಸಬೂರೋ ಅದನ್ನ ಮತ್ತೆ ಕೈಗೆತ್ತಿಕೊಂಡು, ಸಕ್ಕರೆ, ಪೆಪ್ಟೋನ್ ಹಾಕಿದ ಹುಳಿ ಮೀಡಿಯಂನಲ್ಲಿ ಒಂದೊಂದನ್ನೂ ಬೆಳೆಸಿ, ಚಿತ್ರ ಬಿಡಿಸಿ, 1910ರಲ್ಲಿ ‘ಲೆ ತೇನ್ಯ’ ಅನ್ನೋ ದೊಡ್ಡ ಗ್ರಂಥ ತಂದ. ಅವನು ಮತ್ತೆ ಮತ್ತೆ ಎಚ್ಚರಿಸಿದ ವಿಷಯ ಅಂದರೆ, ಮೀಡಿಯಂ ಬದಲಾದರೆ ಅದೇ ಫಂಗಸ್ ಬೇರೆ ರೂಪ ತಾಳುತ್ತೆ. ಒಬ್ಬೊಬ್ಬರು ಒಂದೊಂದು ಮೀಡಿಯಂನಲ್ಲಿ ಬೆಳೆಸಿ ಹೆಸರಿಟ್ಟರೆ ಒಂದೇ ಫಂಗಸ್ಸಿಗೆ ಹತ್ತು ಹೆಸರಾಗುತ್ತೆ. ಹಾಗೇ ಆಗಿಯೂ ಇತ್ತು.

ಪಿಜಿ: ಈ ಎರಡು ಟ್ಯೂಬಿಗೂ ಒಂದೇ ಸ್ಯಾಂಪಲ್ ಹಾಕ್ತಿದ್ದೀರಿ. ಎರಡು ಯಾಕೆ?

ಮೇಡಂ: ಒಂದರಲ್ಲಿ ಕ್ಲೋರಾಂಫೆನಿಕಾಲ್ ಜೊತೆಗೆ ಸೈಕ್ಲೊಹೆಕ್ಸಿಮೈಡ್ ಇದೆ. ಮೊದಲನೆಯದು ಬ್ಯಾಕ್ಟೀರಿಯಾ ತಡೆಯುತ್ತೆ, ಎರಡನೆಯದು ಗಾಳಿಯಲ್ಲಿ ತೇಲೋ ಬೂಷ್ಟುಗಳನ್ನ. ಹುಳುಕಡ್ಡಿಯ ಫಂಗಸ್ ಸೈಕ್ಲೊಹೆಕ್ಸಿಮೈಡನ್ನ ಸಹಿಸಿಕೊಳ್ಳುತ್ತೆ, ಹಾಗಾಗಿ ಅದಕ್ಕೆ ಮಾತ್ರ ದಾರಿ. ಆದರೆ ಉಗುರನ್ನ ಕೆಡಿಸೋ ನಿಯೋಸ್ಕಿಟಾಲಿಡಿಯಂನಂಥವು ಅದರಲ್ಲಿ ಸತ್ತುಹೋಗ್ತವೆ. ಅವು ತಪ್ಪಿಹೋಗಬಾರದು ಅಂತ ಇನ್ನೊಂದು ಟ್ಯೂಬಿಗೆ ಬರೀ ಕ್ಲೋರಾಂಫೆನಿಕಾಲ್. ಚರ್ಮದ ಸ್ಯಾಂಪಲ್ಲಿಗೆ ಇದು ಅಷ್ಟು ಬೇಕಾಗಲ್ಲ, ಉಗುರಿಗೆ ಮಾತ್ರ ಬೇಕೇ ಬೇಕು. ಉಷ್ಣತೆ 28 ಡಿಗ್ರಿಗೆ ಇಟ್ಟಿರು, 37ರ ಇಂಕ್ಯುಬೇಟರಿಗೆ ಹಾಕಬೇಡ. ಇವುಗಳಲ್ಲಿ ಬಹುಪಾಲು ಮೈಬಿಸಿಯನ್ನ ಇಷ್ಟಪಡಲ್ಲ. ರಕ್ತದಲ್ಲಿರೋ ಟ್ರಾನ್ಸ್‌ಫೆರಿನ್ ಕಬ್ಬಿಣವನ್ನೂ ಇವಕ್ಕೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಇವು ಚರ್ಮದ ಸತ್ತ ಪದರದಲ್ಲೇ ಉಳಿದು ಒಳಗೆ ಇಳಿಯದೆ ಇರೋದಕ್ಕೆ ಅದೂ ಒಂದು ಕಾರಣ. ವಾರಕ್ಕೆರಡು ಸಲ ನೋಡ್ತೀನಿ. ನಾಲ್ಕು ವಾರ ಆಗೋವರೆಗೂ ನೆಗೆಟಿವ್ ಅಂತ ಬರೆಯಲ್ಲ.

ಪಿಜಿ: ಮೀಡಿಯಂ ಬಣ್ಣ ಬದಲಾಗೋದು ಒಂದಿದೆಯಲ್ಲ, ಡಿಟಿಎಂ? ಅದು ಬೇಗ ಹೇಳುತ್ತೆ.

ಮೇಡಂ: ಹಳದಿ ಹೋಗಿ ಕೆಂಪಾಗುತ್ತೆ, ಹೌದು. ಇವು ಪ್ರೋಟೀನ್ ತಿಂದು ಕ್ಷಾರ ಬಿಡ್ತವೆ, ಫೀನಾಲ್ ರೆಡ್ ಅದನ್ನ ತೋರಿಸುತ್ತೆ. ಆದರೆ ಕೆಲವು ಬೂಷ್ಟುಗಳೂ ತಡವಾಗಿ ಕೆಂಪು ಮಾಡ್ತವೆ. ಮೇಲಾಗಿ ಕೆಂಪು ಮೀಡಿಯಂನಲ್ಲಿ ಕಾಲನಿಯ ಸ್ವಂತ ಬಣ್ಣ ನೋಡೋಕಾಗಲ್ಲ. ನನಗೆ ಹೆಸರು ಬೇಕು, ಬರೀ ಬಣ್ಣ ಬೇಡ. ಬಾ, ಈ ರ‍್ಯಾಕಿನಲ್ಲಿ ಹಳೇ ಪೇಷಂಟುಗಳ ಮೂರು ಟ್ಯೂಬ್ ಇವೆ. ಮುಚ್ಚಳ ತೆಗೆಯಬೇಡ, ತೆಗೆಯೋದಾದರೆ ಕ್ಯಾಬಿನೆಟ್ ಒಳಗೆ. ಹಾಗೇ ತಿರುಗಿಸಿ ನೋಡು.

ಪಿಜಿ: ಮೊದಲನೆಯದು ಮೇಲೆ ಬಿಳಿ, ಹತ್ತಿಯ ಹಾಗೆ. ಹಿಂದೆ ಕಡುಗೆಂಪು. ಟ್ರೈಕೊಫೈಟನ್ ರೂಬ್ರಮ್.

ಮೇಡಂ: ಇರಬಹುದು. ಮುಂದಿನದು?

ಪಿಜಿ: ಕೆನೆಬಣ್ಣ, ಪುಡಿ ಪುಡಿ. ಹಿಂದೆ ಕಂದು. ಮೂರನೆಯದು ಬಿಳಿ ಕೂದಲಿನ ಹಾಗೆ ಹರಡಿಕೊಂಡಿದೆ, ಹಿಂದೆ ಒಳ್ಳೇ ಅರಿಶಿನ.

ಮೇಡಂ: ಅರಿಶಿನದ್ದು ಮೈಕ್ರೊಸ್ಪೋರಮ್ ಕೇನಿಸ್. ಐದು ವರ್ಷದ ಹುಡುಗಿಯ ಕೆನ್ನೆಯದ್ದು. ರಿಪೋರ್ಟ್ ಬಂದ ಮೇಲೆ ಅವರಮ್ಮನಿಗೆ ಫೋನ್ ಮಾಡಿ ಮನೆಯಲ್ಲಿ ಬೆಕ್ಕು ಇದೆಯಾ ಅಂತ ಕೇಳಿದೆ. ಬೀದಿಯಿಂದ ತಂದ ಮರಿ ಇತ್ತು. ಬೆಕ್ಕಿಗೆ ಮದ್ದು ಮಾಡದೆ ಹುಡುಗಿಗೆ ಎಷ್ಟು ಹಚ್ಚಿದರೂ ಮತ್ತೆ ಬರ್ತಿತ್ತು. ಹೆಸರು ಯಾರ ಉಪಯೋಗಕ್ಕೆ ಅಂತ ಕೇಳಿದೆಯಲ್ಲ, ಆ ಮನೆಯವರ ಉಪಯೋಗಕ್ಕೆ. ಅದೇ ಟ್ರೈಕೊಫೈಟನ್ ವೆರುಕೋಸಮ್ ಬಂದರೆ ಕೊಟ್ಟಿಗೆ ನೋಡಬೇಕು, ಅದು ದನದಿಂದ ಬರೋದು. ರೂಬ್ರಮ್ ಬಂದರೆ ಮನೆಯ ಮನುಷ್ಯರ ಕಾಲುಬೆರಳು, ಉಗುರು ನೋಡಬೇಕು, ಅದು ಮನುಷ್ಯರನ್ನೇ ನೆಚ್ಚಿಕೊಂಡಿರೋದು. ಮೈದಾನದ ಮಣ್ಣಿನಲ್ಲಿರೋ ಜಿಪ್ಸಿಯಾ ಅಂತ ಒಂದಿದೆ, ಅದು ಸಾಮಾನ್ಯವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹರಡಲ್ಲ.

ಪಿಜಿ: ಬಣ್ಣ ನೋಡಿದರೇ ಸಾಕಾಗುತ್ತಾ?

ಮೇಡಂ: ಸಾಲಲ್ಲ. ಎಷ್ಟೋ ರೂಬ್ರಮ್‌ಗಳು ಕೆಂಪು ಬಿಡೋದೇ ಇಲ್ಲ, ಆಲೂಗಡ್ಡೆ ಅಗರಿಗೆ ಹಾಕಿದರೆ ಒಮ್ಮೊಮ್ಮೆ ಬಿಡ್ತವೆ. ಹಳೇ ಕಲ್ಚರುಗಳು ಎಲ್ಲ ಗುರುತೂ ಕಳೆದುಕೊಂಡು ಬಿಳಿ ಹತ್ತಿಯಾಗಿ ಕೂರ್ತವೆ, ಆಮೇಲೆ ಅವು ಸ್ಪೋರ್ ಬಿಡಲ್ಲ. ಆದ್ದರಿಂದ ಎಳೆಯದಿರುವಾಗಲೇ ಮೌಂಟ್ ಮಾಡಬೇಕು. ಪುಡಿಯಾಗಿರೋ ಟ್ಯೂಬ್ ಕೊಡು. ಕ್ಯಾಬಿನೆಟ್ ಫ್ಯಾನ್ ಹಾಕು. ಒಂದು ಹನಿ ಲ್ಯಾಕ್ಟೊಫೀನಾಲ್ ಕಾಟನ್ ಬ್ಲೂ. ಕಾಲನಿಯ ಅಂಚಿಗೂ ನಡುವಿಗೂ ಮಧ್ಯದಿಂದ ಚೂರು ತಗೊಂಡು ಎರಡು ಸೂಜಿಯಲ್ಲಿ ಬಿಡಿಸು. ಜಜ್ಜಬೇಡ. ಸ್ಪೋರುಗಳು ಎಳೆಗೆ ಹೇಗೆ ಅಂಟಿಕೊಂಡಿವೆ ಅನ್ನೋದೇ ಇಲ್ಲಿ ಮುಖ್ಯ, ಜಜ್ಜಿದರೆ ಎಲ್ಲ ಉದುರಿ ಚೆಲ್ಲಾಪಿಲ್ಲಿಯಾಗುತ್ತೆ. ನಿನಗೆ ಕೈ ಕೂರಲ್ಲ ಅಂದರೆ ಸೆಲ್ಲೋಟೇಪಿನ ತುಂಡನ್ನ ಕಾಲನಿಗೆ ಮೆಲ್ಲಗೆ ಒತ್ತಿ ತಗೊಂಡು ಹನಿಯ ಮೇಲಿಡು, ಜೋಡಣೆ ಹಾಗೇ ಉಳಿಯುತ್ತೆ.

ಪಿಜಿ: ನೀಲಿ ಬಣ್ಣಕ್ಕೆ ಎಲ್ಲ ಎದ್ದು ಕಾಣ್ತಿದೆ. ಸಣ್ಣ ಗುಂಡು ಗುಂಡು ಸ್ಪೋರು, ಗೊಂಚಲು ಗೊಂಚಲಾಗಿ. ಇಲ್ಲೊಂದು ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿದೆ. ಉದ್ದನೆಯದು ಒಂದಿದೆ, ಚುಟ್ಟಾ ಆಕಾರ, ಒಳಗೆ ನಾಲ್ಕು ಕೋಣೆ.

ಮೇಡಂ: ಸರಿಯಾಗಿ ನೋಡಿದೆ. ರೂಬ್ರಮ್ ಆಗಿದ್ದರೆ ಸ್ಪೋರುಗಳು ನೀರಹನಿಯ ಆಕಾರದಲ್ಲಿ ಎಳೆಯ ಎರಡೂ ಪಕ್ಕಕ್ಕೆ ಒಂದೊಂದಾಗಿ ಇರ್ತಿದ್ದವು. ಕೇನಿಸ್ ಆಗಿದ್ದರೆ ಕದಿರಿನಾಕಾರದ ದಪ್ಪ ಗೋಡೆಯ ದೊಡ್ಡ ಸ್ಪೋರು, ತುದಿ ಸ್ವಲ್ಪ ಬಾಗಿ ಗುಬುಟು ಇರ್ತಿತ್ತು. ಎಪಿಡರ್ಮೊಫೈಟನ್‌ನಲ್ಲಿ ಸಣ್ಣ ಸ್ಪೋರೇ ಇರಲ್ಲ. ನೀನು ನೋಡ್ತಿರೋದು ಮೆಂಟಾಗ್ರೊಫೈಟಿಸ್ ಗುಂಪು. ಅನುಮಾನ ಉಳಿದರೆ ಯೂರಿಯೇಸ್ ಹಾಕ್ತೀವಿ, ಈ ಗುಂಪಿನವು ಸಾಮಾನ್ಯವಾಗಿ ವಾರದೊಳಗೆ ಮೀಡಿಯಂ ಗುಲಾಬಿ ಮಾಡ್ತವೆ, ರೂಬ್ರಮ್ ಮಾಡಲ್ಲ. ಕೂದಲಿನ ಪರೀಕ್ಷೆ ಇನ್ನೊಂದು. ಚಿಕ್ಕ ಮಗುವಿನ ಕೂದಲನ್ನ ಸ್ಟೆರೈಲ್ ಮಾಡಿ, ನೀರಿಗೆ ಎರಡು ಮೂರು ಹನಿ ಯೀಸ್ಟ್ ಸತ್ವ ಹಾಕಿ, ಫಂಗಸ್ ಜೊತೆ ಬಿಡ್ತೀವಿ. ಮೆಂಟಾಗ್ರೊಫೈಟಿಸ್ ಆದರೆ ಕೂದಲಿಗೆ ಅಡ್ಡಲಾಗಿ ಬೆಣೆ ಹೊಡೆದ ಹಾಗೆ ತೂತು ಕೊರೆಯುತ್ತೆ. ರೂಬ್ರಮ್ ಬರೀ ಮೇಲೆ ಹರಡುತ್ತೆ. ನನಗೆ ಈ ಪರೀಕ್ಷೆ ಅಂದರೆ ಬಲು ಇಷ್ಟ, ಫಂಗಸ್ ಏನು ಮಾಡಬಲ್ಲದು ಅನ್ನೋದನ್ನ ಕಣ್ಣಾರೆ ತೋರಿಸುತ್ತೆ.

ಪಿಜಿ: ಹಾಗಾದರೆ ನಮ್ಮ ಡ್ರೈವರಣ್ಣನದ್ದೂ ಇದೇ ಬಂದರೆ ಮೆಂಟಾಗ್ರೊಫೈಟಿಸ್ ಅಂತ ಬರೀತೀರಿ.

ಮೇಡಂ: ಇಲ್ಲ. ಕಷ್ಟ ಶುರುವಾಗೋದೇ ಅಲ್ಲಿ. ನಾನು ಓದೋವಾಗ ನಮ್ಮಲ್ಲಿ ಬರ್ತಿದ್ದದ್ದು ಬಹುಪಾಲು ರೂಬ್ರಮ್. ಎರಡು ವಾರ ಮುಲಾಮು ಹಚ್ಚಿದರೆ ಹೋಗ್ತಿತ್ತು. ಕಳೆದ ದಶಕದಿಂದ ಬೇರೆಯದೇ ಬರ್ತಿದೆ. ಹುಡುಗರು, ಹೆಂಗಸರು, ಮುಖದ ಮೇಲೂ, ಮೈತುಂಬಾ. ಡಿಎನ್‌ಎ ನೋಡಿದವರು ಇದು ಮೆಂಟಾಗ್ರೊಫೈಟಿಸ್‌ನ ಐಟಿಎಸ್ ಎಂಟನೇ ಜೀನೋಟೈಪ್ ಅಂದರು. 2020ರಲ್ಲಿ ಜಪಾನಿನ ಕಾನೋ ಮತ್ತು ಸಂಗಡಿಗರು, ಅಲ್ಲಿದ್ದ ನೇಪಾಳದ ಒಬ್ಬರು ಮತ್ತು ಭಾರತದ ಒಬ್ಬರು ಪೇಷಂಟಿನಿಂದ ಬೆಳೆಸಿ, ಟ್ರೈಕೊಫೈಟನ್ ಇಂಡೋಟಿನಿಯೆ ಅಂತ ಹೊಸ ಪ್ರಭೇದ ಮಾಡಿದರು. ಈಗದು ಜರ್ಮನಿ, ಇರಾನ್, ಎಲ್ಲೆಲ್ಲೋ ಇದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸಿಡಿಸಿ ನ್ಯೂಯಾರ್ಕಿನ ಎರಡು ಕೇಸು ವರದಿ ಮಾಡಿತು, ಅದರಲ್ಲಿ ಒಬ್ಬರು ಇತ್ತೀಚೆಗೆ ಹೊರದೇಶಕ್ಕೆ ಹೋದವರೇ ಅಲ್ಲ.

ಪಿಜಿ: ಸ್ಲೈಡಿನಲ್ಲಿ ಅದನ್ನ ಬೇರೆ ಮಾಡೋಕಾಗಲ್ವಾ?

ಮೇಡಂ: ಆಗಲ್ಲ. ಕಾಲನಿ ಇದೇ ಪುಡಿ, ಇದೇ ಕೆನೆಬಣ್ಣ. ಸುರುಳಿ ಎಳೆ ಕೆಲವದರಲ್ಲಿ ಇರುತ್ತೆ, ಕೆಲವದರಲ್ಲಿ ಇರಲ್ಲ. ಯೂರಿಯೇಸ್ ಒಂದರಲ್ಲಿ ಹೌದು ಅಂದರೆ ಇನ್ನೊಂದರಲ್ಲಿ ಇಲ್ಲ ಅನ್ನುತ್ತೆ. ಇಪ್ಪತ್ತು ವರ್ಷ ಮೈಕ್ರೋಸ್ಕೋಪ್ ನೋಡಿದ ಕಣ್ಣೂ ಇಲ್ಲಿ ಸೋಲುತ್ತೆ, ಐಟಿಎಸ್ ಸೀಕ್ವೆನ್ಸಿಂಗೇ ಗತಿ. ರೈಬೊಸೋಮಿನ 18ಎಸ್, 28ಎಸ್ ಜೀನುಗಳ ನಡುವಿನ ಭಾಗವನ್ನ ಓದೋದು. ಅದಕ್ಕೆ ರೆಫರೆನ್ಸ್ ಲ್ಯಾಬಿಗೆ ಕಳಿಸಬೇಕು. ಜೊತೆಗೆ ಸ್ಕ್ವಾಲೀನ್ ಎಪಾಕ್ಸಿಡೇಸ್ ಜೀನನ್ನೂ ಓದಿಸ್ತೀನಿ.

ಪಿಜಿ: ಟರ್ಬಿನಫಿನ್ ಕೆಲಸ ಮಾಡೋದು ಆ ಎನ್‌ಜೈಮಿನ ಮೇಲೆ.

ಮೇಡಂ: ಅದೇ. ಟರ್ಬಿನಫಿನ್ ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸಬೇಕು. ಆ ಎನ್‌ಜೈಮಿನ 397ನೇ ಜಾಗದಲ್ಲಿ ಫಿನೈಲ್‌ಅಲನಿನ್ ಹೋಗಿ ಲ್ಯೂಸಿನ್ ಬಂದರೆ ಔಷಧಿ ಸರಿಯಾಗಿ ಅಂಟಲ್ಲ. ಒಂದೇ ಒಂದು ಅಮೈನೊ ಆಮ್ಲ. 393ರಲ್ಲಿ ಬದಲಾದರೂ ಹೀಗೇ. ಡ್ರೈವರಣ್ಣ ಆರು ವಾರ ನುಂಗಿದ್ದು ಹೊಟ್ಟೆಗೆ ಹೋಗಿದೆ, ಚರ್ಮಕ್ಕೂ ಹೋಗಿದೆ, ಫಂಗಸ್ಸಿಗೆ ಮಾತ್ರ ನಾಟಿಲ್ಲ. ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂತ ಯಾರೋ ಅವರನ್ನ ಬೈದಿರ್ತಾರೆ.

ಪಿಜಿ: ಬೈದಿದ್ದಾರೆ. ಅವರೇ ಹೇಳಿದರು.

ಮೇಡಂ: ನನಗೆ ಸಂಕಟ ಆಗೋದು ಅದಕ್ಕೇ. ಹೆಂಡತಿಯಿಂದ ಬಂತು, ಸ್ನಾನ ಸರಿ ಇಲ್ಲ, ಮಾತ್ರೆ ನುಂಗಿಲ್ಲ, ಹೀಗೆ ಪೇಷಂಟಿನ ತಲೆ ಮೇಲೆ ಹಾಕಿಬಿಡ್ತಾರೆ. ಕೆರೆದು ಬೆಳೆಸಿ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತೆ.

ಪಿಜಿ: ಆದರೆ ಎಲ್ಲರಿಗೂ ಸೀಕ್ವೆನ್ಸಿಂಗ್ ಮಾಡಿಸೋಕೆ ಆಗಲ್ಲ ಮೇಡಂ. ದುಡ್ಡೂ ಇಲ್ಲ, ಅವರು ಕಾಯೋದೂ ಇಲ್ಲ.

ಮೇಡಂ: ಎಲ್ಲರಿಗೂ ಬೇಡ. ಕೆಒಎಚ್ ಎಲ್ಲರಿಗೂ. ಪಾಸಿಟಿವ್ ಬಂದರೆ ನೀನು ಇವತ್ತೇ ಔಷಧಿ ಶುರು ಮಾಡು, ನನ್ನ ಹೆಸರಿಗೆ ಕಾಯಬೇಡ. ಕಲ್ಚರ್ ಬೇಕಿರೋದು ವಾಸಿಯಾಗದೆ ವಾಪಸ್ ಬಂದವರಿಗೆ, ಮಕ್ಕಳ ತಲೆಗೆ, ತಿಂಗಳುಗಟ್ಟಲೆ ಮಾತ್ರೆ ಕೊಡಬೇಕಾದ ಉಗುರಿಗೆ. ಅದರಲ್ಲೂ ಟರ್ಬಿನಫಿನ್ ಸೋತ ಕೇಸಿಗೆ ಮಾತ್ರ ಸೀಕ್ವೆನ್ಸಿಂಗ್. ಅಷ್ಟು ಮಾಡಿದರೆ ನಮ್ಮ ಜಿಲ್ಲೆಯಲ್ಲಿ ಯಾವುದು ಓಡಾಡ್ತಿದೆ ಅಂತ ಒಂದು ಲೆಕ್ಕ ಸಿಗುತ್ತೆ. ಈಗ ನಾವು ಬೇರೆ ಊರಿನ ಲೆಕ್ಕ ನೋಡಿ ಇಲ್ಲಿ ಔಷಧಿ ಬರ‍್ಕೊಡ್ತಿದ್ದೀವಿ.

ಪಿಜಿ: ಸೀಕ್ವೆನ್ಸಿಂಗ್ ಬರೋವರೆಗೆ ರಿಪೋರ್ಟಿನಲ್ಲಿ ಏನಂತ ಬರೀತೀರಿ?

ಮೇಡಂ: ‘ಟ್ರೈಕೊಫೈಟನ್ ಮೆಂಟಾಗ್ರೊಫೈಟಿಸ್ ಕಾಂಪ್ಲೆಕ್ಸ್’ ಅಂತ ಬರೆದು, ಪ್ರಭೇದ ಗುರುತಿಗೆ ಐಟಿಎಸ್ ಬೇಕು ಅಂತ ಕೆಳಗೆ ಬರೀತೀನಿ. ನನಗೆ ಕಂಡಷ್ಟೇ ಬರೀತೀನಿ. ಪ್ರಭೇದದ ಹೆಸರು ಊಹೆಯಿಂದ ಬರೆದರೆ ನೀನು ಅದನ್ನ ನಂಬಿ ಔಷಧಿ ಬದಲಿಸ್ತೀಯ, ಇಲ್ಲ ಬದಲಿಸದೆ ಬಿಡ್ತೀಯ. ಇವರ ಕೇಸಿನಲ್ಲಿ ಟರ್ಬಿನಫಿನ್ ಸೋತಿರೋದು ಕಣ್ಣೆದುರೇ ಇದೆ, ಇಟ್ರಾಕೊನಜೋಲ್ ಬಗ್ಗೆ ನಿಮ್ಮ ಯೂನಿಟ್ ಚೀಫ್ ಹತ್ತಿರ ಇವತ್ತೇ ಮಾತಾಡು. ಸ್ಟಿರಾಯ್ಡ್ ಟ್ಯೂಬು ಮಾತ್ರ ನಿಲ್ಲಿಸಲೇಬೇಕು. ನಿಲ್ಲಿಸಿದ ಮೊದಲ ವಾರ ಕಡಿತ ಜಾಸ್ತಿಯಾಗುತ್ತೆ ಅಂತ ಮುಂಚೆಯೇ ಹೇಳು. ಹೇಳದಿದ್ದರೆ ಮೂರನೇ ದಿನ ಮತ್ತೆ ಮೆಡಿಕಲ್ ಶಾಪಿಗೆ ಹೋಗ್ತಾರೆ.

ಪಿಜಿ: ಅವರ ಹೆಂಡತಿ, ತಾಯಿ ಇಬ್ಬರನ್ನೂ ಸೋಮವಾರ ಕರೆಸ್ತೀನಿ. ಮಗಳಿಗೆ ತಲೆಯಲ್ಲಿ ರೂಪಾಯಿಯಗಲ ಕೂದಲು ಉದುರಿದೆಯಂತೆ. ಅವಳದ್ದೂ ಕೆರೆದು ಕಳಿಸಲಾ?

ಮೇಡಂ: ತಲೆಯದ್ದಾದರೆ ಬರೀ ಹೊಟ್ಟು ಸಾಲಲ್ಲ, ಕೂದಲು ಬೇಕು. ಕತ್ತರಿಸಬೇಡ, ಬುಡಸಮೇತ ಕೀಳಬೇಕು. ಉದ್ದ ಕೂದಲು ಬೇಡ, ಮುರಿದು ಮೊಂಡಾಗಿರೋವು, ಕಪ್ಪು ಚುಕ್ಕೆಯಾಗಿ ಕಾಣೋವು, ಅವನ್ನ ಚಿಮಟದಲ್ಲಿ ಹಿಡಿ. ಸ್ಪೋರು ಕೂದಲಿನ ಒಳಗೆ ತುಂಬಿದೆಯೋ, ಹೊರಗೆ ಕವಚದ ಹಾಗೆ ಸುತ್ತಿಕೊಂಡಿದೆಯೋ ಅಂತ ಕೆಒಎಚ್‌ನಲ್ಲೇ ಹೇಳ್ತೀನಿ. ವುಡ್ಸ್ ಲ್ಯಾಂಪ್ ಹಿಡಿದು ಹಸಿರು ಹೊಳೆಯಲಿಲ್ಲ ಅಂತ ಫಂಗಸ್ ಇಲ್ಲ ಅನ್ನಬೇಡ. ಮೈಕ್ರೊಸ್ಪೋರಮ್ ಕೇನಿಸ್ ಹೊಳೆಯುತ್ತೆ, ನಮ್ಮಲ್ಲಿ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಸಿಗೋ ಟ್ರೈಕೊಫೈಟನ್ ವಯೊಲೇಸಿಯಮ್ ಹೊಳೆಯಲ್ಲ. ಅಲ್ಲಿ ಹೆಸರಿಗೆ ಇನ್ನೂ ಹೆಚ್ಚು ಬೆಲೆ ಇದೆ. ಟ್ರೈಕೊಫೈಟನ್ ಆದರೆ ಟರ್ಬಿನಫಿನ್ ಒಳ್ಳೆಯದು, ಮೈಕ್ರೊಸ್ಪೋರಮ್ ಆದರೆ ಗ್ರಿಸಿಯೊಫುಲ್ವಿನ್. ಫಾರಂ ತುಂಬೋವಾಗ ‘ಹುಳುಕಡ್ಡಿ’ ಅಂತ ಒಂದೇ ಪದ ಬರೆದು ಕಳಿಸಬೇಡ. ಏನು ಹಚ್ಚಿದ್ದಾರೆ, ಎಷ್ಟು ದಿನ, ಕೊನೆಯದಾಗಿ ಯಾವಾಗ ಹಚ್ಚಿದ್ದು, ಮನೆಯಲ್ಲಿ ಯಾರ‍್ಯಾರಿಗಿದೆ, ಬೆಕ್ಕು ದನ ಏನಿದೆ, ಎಲ್ಲ ಬರಿ. ತಲೆಗೆ ಎಣ್ಣೆ ಹಚ್ಚಿ ಕರೆತರಬೇಡಿ ಅಂತ ಮಗುವಿನ ತಾಯಿಗೆ ಈಗಲೇ ಫೋನಿನಲ್ಲಿ ಹೇಳಿಬಿಡು.